ಅಜ್ಜಿಯ ಓಲೆಗಾಗಿ ಕಿವಿ ತೂತು ದೊಡ್ಡದು ಮಾಡಿಕೊಳ್ಳುವುದು ಹೇಗೆ

ಮನೆಯಲ್ಲಿ ಅಜ್ಜಿ ಕಾಲದ ಏಳು ಕಲ್ಲಿನ ಓಲೆ ಇದ್ದರೆ ಅದನ್ನು ತಿರುಗಿಸಿ ಹಿಂಭಾಗ ನೋಡಿ. ಈಗಿನ ಓಲೆಯ ಕಡ್ಡಿ ಒಂದು ಮಿಲಿಮೀಟರ್ ಆಸುಪಾಸು ಇರುತ್ತದೆ. ಹಳೆಯ ಓಲೆಗಳಲ್ಲಿ ಅದರ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ದಪ್ಪ. ಮೇಲೆ ತಿರುಪಿನ ಎಳೆಗಳು ಬೇರೆ. ನಮ್ಮಜ್ಜಿಯ ಓಲೆಯ ಕಡ್ಡಿ 2.6 ಮಿ.ಮೀ. ಇತ್ತು. ನನ್ನ ಕಿವಿಗೆ ಅದು ಹೋಗುವ ಮಾತೇ ಇರಲಿಲ್ಲ.

ಇಂಥ ಓಲೆ ತೆಗೆದುಕೊಂಡು ಹೋದರೆ ಆಚಾರ್ರು ಹೇಳುವುದು ಒಂದೇ ಮಾತು. "ಕಡ್ಡಿ ತೆಗೆದು ತೆಳ್ಳಗಿನದು ಕೂರಿಸಿ ಕೊಡ್ತೀನಮ್ಮ, ಸುಮ್ನೆ ಕಿವಿಗ್ಯಾಕೆ ತೊಂದರೆ ಕೊಡ್ತೀರ?" ಅದು ಒಳ್ಳೆಯ ಸಲಹೆಯೇ. ಮುಂದಿನ ತಿಂಗಳ ಮದುವೆಗೆ ಓಲೆ ಬೇಕು ಅನ್ನುವವರು ಖಂಡಿತ ಹಾಗೇ ಮಾಡಿಸಿ. ನನಗೆ ಮಾತ್ರ ಆ ಕಡ್ಡಿ ಇದ್ದ ಹಾಗೇ ಬೇಕಿತ್ತು. ಕೈಯಲ್ಲಿ ಕೊರೆದ ಎಳೆಗಳು, ಅಜ್ಜಿಯ ಬೆರಳು ದಿನಾ ತಿರುಗಿಸಿ ನುಣುಪಾದ ತಿರುಪು. ಅದನ್ನು ಕತ್ತರಿಸೋಕೆ ಮನಸ್ಸು ಒಪ್ಪಲಿಲ್ಲ. ಹಾಗಾಗಿ ತೂತನ್ನೇ ನಿಧಾನವಾಗಿ ಹಿಗ್ಗಿಸಿದೆ. ಆಮೇಲೆ ದೊಡ್ಡಮ್ಮನ ಮಗಳೂ ಅದೇ ದಾರಿ ಹಿಡಿದಳು. ನಮ್ಮಿಬ್ಬರ ಕಿವಿಯಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿಂದಿನವರಿಗೆ ಇದು ಹೊಸದೇನಲ್ಲ. ಬೇಲೂರಿನ ಮದನಿಕೆಯರ ಕಿವಿಯಲ್ಲಿರುವ ದೊಡ್ಡ ಆಭರಣ ನೋಡಿದರೆ ಗೊತ್ತಾಗುತ್ತದೆ. ಮದುರೈ ಕಡೆಯ ವಯಸ್ಸಾದ ಹೆಂಗಸರು ತಂಡಟ್ಟಿ, ಪಾಂಬಡಂ ಅನ್ನುವ ಕಿವಿಯೊಡವೆ ಹಾಕಿ ಕಿವಿ ಭುಜದವರೆಗೂ ಇಳಿಬಿಟ್ಟಿದ್ದರು. ಹಳ್ಳಿಗಳಲ್ಲಿ ತೂತಿಗೆ ಬೇವಿನ ಕಡ್ಡಿಯನ್ನೋ ತೆಂಗಿನ ಗರಿಯ ಕಡ್ಡಿಯನ್ನೋ ಹಾಕಿ, ಸ್ವಲ್ಪ ದಿನ ಬಿಟ್ಟು ಅದರ ಪಕ್ಕಕ್ಕೆ ಇನ್ನೊಂದು ಸೇರಿಸುತ್ತಿದ್ದರು. ಇನ್ನೂ ದೊಡ್ಡದು ಬೇಕಾದರೆ ತಾಳೆಗರಿಯ ಸುರುಳಿ. ಸುರುಳಿ ಬಿಚ್ಚಿಕೊಳ್ಳಲು ನೋಡುತ್ತಾ ತೂತನ್ನು ಸುತ್ತಲೂ ಒತ್ತುತ್ತದೆ. ಸ್ವಲ್ಪ ಸ್ವಲ್ಪವೇ ಹೋಗಬೇಕು ಅನ್ನುವ ಅವರ ತಿಳಿವಳಿಕೆ ಪೂರ್ತಿ ಸರಿ. ಆದರೆ ಕಡ್ಡಿ ಮಾತ್ರ ಬೇಡ. ಅದರ ಮೈ ಒರಟು, ತೇವ ಹೀರುತ್ತದೆ, ಕುದಿಸಿ ಶುದ್ಧ ಮಾಡಿದರೂ ಮತ್ತೆ ಕೊಳೆ ಹಿಡಿಯುತ್ತದೆ. ಎರಡು ಕಡ್ಡಿ ಜೋಡಿಸಿದರೆ ತೂತು ದುಂಡಗೆ ಆಗದೆ ಉದ್ದಕ್ಕೆ ಸೀಳುತ್ತದೆ. ಸುರುಳಿಯಂತೂ ಚರ್ಮಕ್ಕೆ ಒಂದು ಗಳಿಗೆ ಬಿಡುವು ಕೊಡುವುದಿಲ್ಲ.

ಶುರು ಮಾಡುವ ಮುಂಚೆ

ಕನ್ನಡಿ ಮುಂದೆ ನಿಂತು ಕಿವಿಯ ಹಾಲೆಯನ್ನು ಸರಿಯಾಗಿ ನೋಡಿಕೊಳ್ಳಿ. ತೂತಿನ ಕೆಳಗೆ ಎಷ್ಟು ಮಾಂಸ ಇದೆ? ಭಾರದ ಝುಮಕಿ ಹಾಕಿ ಹಾಕಿ ತೂತು ಈಗಾಗಲೇ ಉದ್ದಕ್ಕೆ ಇಳಿದಿದ್ದರೆ ಹಿಗ್ಗಿಸುವ ಯೋಚನೆಯನ್ನೇ ಬಿಡಿ. ಅದನ್ನು ಹೊಲಿಸಬೇಕು. ಪ್ಲಾಸ್ಟಿಕ್ ಸರ್ಜನ್ ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹೊಲಿದು ಕಳಿಸುತ್ತಾರೆ. ಕೆಲವು ತಿಂಗಳಾದ ಮೇಲೆ ಗಾಯದ ಗೆರೆಯ ಮೇಲಲ್ಲದೆ ಸ್ವಲ್ಪ ಪಕ್ಕಕ್ಕೆ ಹೊಸದಾಗಿ ಚುಚ್ಚಿಸಬಹುದು.

ಗಾಯವಾದ ಕಡೆ ಚರ್ಮ ಗಂಟು ಕಟ್ಟಿ ಬೆಳೆಯುವ ಗುಣ, ಅಂದರೆ ಕೀಲಾಯ್ಡ್, ನಿಮಗೋ ಅಪ್ಪ ಅಮ್ಮನಿಗೋ ಇದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ಬಸುರಿಯರು ಕಾಯುವುದು ಒಳ್ಳೆಯದು. ಬೆಳೆಯುವ ಮಕ್ಕಳಿಗೆ ಬೇಡವೇ ಬೇಡ. ಹೊಸದಾಗಿ ಚುಚ್ಚಿಸಿದ ತೂತಾದರೆ ಕನಿಷ್ಠ ಆರು ತಿಂಗಳು, ವರ್ಷ ಆದರೆ ಇನ್ನೂ ಒಳ್ಳೆಯದು. ಹೊರಗೆ ಆರೇಳು ವಾರಕ್ಕೆ ಮಾಗಿದ ಹಾಗೆ ಕಂಡರೂ ಒಳಗಿನ ಚರ್ಮ ಗಟ್ಟಿಯಾಗಲು ತಿಂಗಳುಗಳು ಬೇಕು. ನಮ್ಮಲ್ಲಿ ಬಹಳ ಜನಕ್ಕೆ ಕೂಸಿದ್ದಾಗಲೇ ಚುಚ್ಚಿಸಿರುತ್ತಾರೆ, ಆ ತೂತುಗಳು ಪೂರ್ತಿ ಮಾಗಿರುತ್ತವೆ. ಆದರೆ ಕಿವಿ ಬೆಳೆದಂತೆ ತೂತು ಓರೆಯಾಗಿರಬಹುದು. ಎರಡೂ ಕಿವಿ ಹೋಲಿಸಿ ನೋಡಿ.

ಇನ್ನು ಅಳತೆ. ಓಲೆಯ ಕಡ್ಡಿಯನ್ನು ವರ್ನಿಯರ್‌ನಲ್ಲಿ ಅಳೆಯಿಸಿ, ಆಚಾರ್ರ ಹತ್ತಿರ ಇರುತ್ತದೆ. ಎಳೆಗಳ ಹೊರಮೈ ಲೆಕ್ಕಕ್ಕೆ ತೆಗೆದುಕೊಳ್ಳಿ, ತಗ್ಗಿನದಲ್ಲ. ಎರಡು ಓಲೆಯನ್ನೂ ಬೇರೆ ಬೇರೆ ಅಳೆಯಬೇಕು. ಕೈಕೆಲಸದಲ್ಲಿ ಜೋಡಿ ಓಲೆಯಲ್ಲೂ ವ್ಯತ್ಯಾಸ ಇರುತ್ತದೆ. ಬಂದ ಅಳತೆಗೆ ಸ್ವಲ್ಪ ಸೇರಿಸಿ ಗುರಿ ಇಟ್ಟುಕೊಳ್ಳಿ. 2.6ರ ಕಡ್ಡಿಗೆ ನಾನು 3 ಮಿ.ಮೀ. ಇಟ್ಟುಕೊಂಡೆ. ಎಳೆ ಇರುವ ಕಡ್ಡಿಯನ್ನು ಬಿಗಿ ತೂತಿನಲ್ಲಿ ನೂಕಿದರೆ ಅದು ಅರದ ಹಾಗೆ ಒಳಚರ್ಮವನ್ನು ಕೆರೆಯುತ್ತದೆ.

ಏನು ಕೊಳ್ಳಬೇಕು

ಬೇಕಾದದ್ದು ಪ್ಲಗ್, ಅಂದರೆ ತೂತಿನಲ್ಲಿ ಕೂರಿಸುವ ಗಿಡ್ಡನೆಯ ದುಂಡು ಕಡ್ಡಿ. ಅದರ ದಪ್ಪದ ವಿಷಯಕ್ಕೆ ಅಂಗಡಿಯವರು ಗೇಜ್‌ನಲ್ಲಿ ಮಾತಾಡುತ್ತಾರೆ. ಗೇಜ್ ಸಂಖ್ಯೆ ಇಳಿದಷ್ಟೂ ದಪ್ಪ ಏರುತ್ತದೆ: 18 ಅಂದರೆ 1 ಮಿ.ಮೀ., 16 ಅಂದರೆ 1.2, 14 ಅಂದರೆ 1.6, 12 ಅಂದರೆ 2, 10 ಅಂದರೆ ಸುಮಾರು 2.5, 8 ಅಂದರೆ ಸುಮಾರು 3.2. ನೀವು ಮಿಲಿಮೀಟರ್ ಕೇಳಿಯೇ ಕೊಳ್ಳಿ. ಒಂದು ಮೆಟ್ಟಿಲನ್ನೂ ಹಾರಬೇಡಿ. 2.5ರಿಂದ 3.2ಕ್ಕೆ ಜಿಗಿತ ಜಾಸ್ತಿ, ನಡುವೆ 3 ಸಿಕ್ಕರೆ ಹಾಕಿಕೊಳ್ಳಿ.

ಹೊಸದಾಗಿ ಹಿಗ್ಗಿದ ತೂತಿಗೆ ಎರಡೇ ವಸ್ತು ನನಗೆ ನಂಬಿಕೆ: ಗಾಜು, ಮತ್ತೆ ದೇಹದೊಳಗೆ ಕೂರಿಸುವ ದರ್ಜೆಯ ಟೈಟಾನಿಯಂ. ಟೈಟಾನಿಯಂಗೆ ಎಎಸ್‌ಟಿಎಂ ಎಫ್-136 ಅಂತ ಬರೆದಿದೆಯಾ ಕೇಳಿ. ಗಾಜಿನ ಮೈ ಎಷ್ಟು ನುಣುಪು ಅಂದರೆ ಚರ್ಮ ಅದಕ್ಕೆ ಅಂಟುವುದೇ ಇಲ್ಲ. ಅಕ್ರಿಲಿಕ್ ಬೇಡ, ಅದರಲ್ಲಿ ಕೊಳೆ ಕೂರುತ್ತದೆ, ಕುದಿಸುವ ಹಾಗೂ ಇಲ್ಲ. ಸಿಲಿಕೋನ್, ಮರ, ಕೊಂಬಿನವು ಪೂರ್ತಿ ಮಾಗಿದ ಮೇಲೆ. ಆರ್ಟಿಫಿಷಿಯಲ್ ಓಲೆ ಹಾಕಿದರೆ ಕಿವಿ ತುರಿಸುತ್ತದೆ ಅನ್ನುವವರಿಗೆ ಸಾಮಾನ್ಯವಾಗಿ ನಿಕ್ಕಲ್ ಆಗುವುದಿಲ್ಲ ಅಂತ ಅರ್ಥ. ಅವರು ನಿಕ್ಕಲ್ ಇರುವ ಸ್ಟೀಲಿನಿಂದಲೂ ದೂರ ಇರಿ.

ಪ್ಲಗ್‌ಗಳಲ್ಲಿ ಒಂದೇ ಬದಿ ಅಗಲ ಇರುವುದನ್ನು ಆರಿಸಿ. ನೇರ ಬದಿಗೆ ಚಿಕ್ಕ ರಬ್ಬರ್ ಬಳೆ ಕೂರುತ್ತದೆ. ಎರಡೂ ಬದಿ ಅಗಲ ಇರುವುದು ತೂತಿಗಿಂತ ದೊಡ್ಡ ಅಂಚನ್ನು ಒಳಗಿಂದ ಎಳೆಯುತ್ತದೆ, ಹಸಿ ತೂತಿಗೆ ಅದು ಆಗದು. ಟೇಪರ್ ಅಂತ ಚೂಪಾದ ಕೋಲು ಸಿಗುತ್ತದೆ. ಅದು ಪ್ಲಗ್ಗಿಗೆ ದಾರಿ ಮಾಡಲು ಮಾತ್ರ, ಒಡವೆಯಂತೆ ಹಾಕಿಕೊಂಡು ಓಡಾಡಬೇಡಿ.

ಹಿಗ್ಗಿಸುವ ದಿನ

ಬಿಸಿನೀರಿನ ಸ್ನಾನ ಆದ ತಕ್ಷಣ ಒಳ್ಳೆಯ ಹೊತ್ತು. ಚರ್ಮ ಮೆತ್ತಗಿರುತ್ತದೆ. ಸೋಪು ಹಚ್ಚಿ ಕೈ ತೊಳೆಯಿರಿ, ಉಗುರು ಕತ್ತರಿಸಿರಲಿ. ಗಾಜಿನ ಪ್ಲಗ್ಗನ್ನು ಸೋಪಿನಲ್ಲಿ ತೊಳೆದು ಚೆನ್ನಾಗಿ ಜಾಲಾಡಿ. ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಹೆಬ್ಬೆರಳು ತೋರುಬೆರಳಿನ ನಡುವೆ ಹಾಲೆಯನ್ನು ಐದು ನಿಮಿಷ ನೀವಿ. ಆಮೇಲೆ ಪ್ಲಗ್ಗಿನ ನೇರ ಬದಿಯನ್ನು ಮುಂದಿನಿಂದ ತೂತಿಗೆ ಇಟ್ಟು, ಹಾಲೆಯನ್ನು ಇನ್ನೊಂದು ಕೈಯಲ್ಲಿ ಮೆಲ್ಲಗೆ ಹಿಡಿದು, ನೇರಕ್ಕೆ ಒತ್ತಿ.

ಇಲ್ಲಿ ಗಮನ ಕೊಡಿ. ಸ್ವಲ್ಪ ಬಿಗಿ, ಸ್ವಲ್ಪ ಬೆಚ್ಚಗೆ ಅನ್ನಿಸಿದರೆ ಸರಿ. ಉರಿ, ಚುಚ್ಚಿದಂಥ ನೋವು, ಒಂದು ಹನಿ ರಕ್ತ, ಯಾವುದು ಬಂದರೂ ನಿಲ್ಲಿಸಿ, ಹಳೆಯ ಅಳತೆಯದನ್ನೇ ಹಾಕಿ, ಪೂರ್ತಿ ಮಾಗಿದ ಮೇಲೆ ನೋಡಿ. ರಕ್ತ ಬಂತು ಅಂದರೆ ಒಳಗೆ ಹರಿದಿದೆ. ಹರಿದ ಕಡೆ ಗಾಯದ ಗಟ್ಟಿ ಚರ್ಮ ಬರುತ್ತದೆ, ಅದು ಮುಂದಿನ ಸಲ ಹಿಗ್ಗುವುದಿಲ್ಲ. ತೂತು ತಯಾರಾದಾಗ ಪ್ಲಗ್ ತಾನಾಗೇ ಜಾರಿಕೊಂಡು ಹೋಗುತ್ತದೆ, ಅಷ್ಟು ಹಗುರ. ಎರಡು ಕಿವಿ ಒಂದೇ ದಿನ ಒಪ್ಪಬೇಕು ಅಂತಿಲ್ಲ. ನನ್ನ ಎಡಕಿವಿ ಯಾವಾಗಲೂ ಬಲಕ್ಕಿಂತ ತಡ.

ಪ್ರತಿ ಮೆಟ್ಟಿಲಿಗೂ ಕನಿಷ್ಠ ಒಂದೂವರೆ ಎರಡು ತಿಂಗಳು ಕೊಡಿ. ನಡುವಿನ ಅಳತೆ ಸಿಗದಿದ್ದರೆ ಒಂದು ಉಪಾಯ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಗೆ ಸುತ್ತುವ, ಅಂಟಿಲ್ಲದ ಬಿಳಿ ಟೆಫ್ಲಾನ್ ಟೇಪ್ ಸಿಗುತ್ತದೆ. ಈಗ ಹಾಕಿರುವ ಪ್ಲಗ್ಗಿಗೆ ಅದನ್ನು ಸುಕ್ಕಿಲ್ಲದೆ ಒಂದೆರಡು ಸುತ್ತು ಸುತ್ತಿ ಹಾಕಿಕೊಳ್ಳಿ, ವಾರ ಹತ್ತು ದಿನಕ್ಕೊಮ್ಮೆ ಹೊಸದಾಗಿ ಸುತ್ತುವಾಗ ಒಂದು ಸುತ್ತು ಸೇರಿಸಿ. ನೋವಿಲ್ಲದ, ಮಾಗಿದ ತೂತಿಗೆ ಮಾತ್ರ ಇದು.

ಆಮೇಲಿನ ಆರೈಕೆ

ಮೊದಲ ವಾರ ಪ್ಲಗ್ ತೆಗೆಯಬೇಡಿ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಉಪ್ಪುನೀರು ಸಾಕು. ಮೆಡಿಕಲ್ ಸ್ಟೋರಿನಲ್ಲಿ ನಾರ್ಮಲ್ ಸಲೈನ್ ಅಂತ ಕೇಳಿದರೆ 0.9 ಶೇಕಡಾ ಉಪ್ಪಿನ ಬಾಟಲಿ ಕೊಡುತ್ತಾರೆ. ಶುದ್ಧ ಹತ್ತಿಬಟ್ಟೆಯನ್ನು ಅದರಲ್ಲಿ ನೆನೆಸಿ ಹಿಂದೆ ಮುಂದೆ ಇಟ್ಟುಕೊಂಡು, ಹಕ್ಕಳೆ ನೆನೆದ ಮೇಲೆ ಒರೆಸಿ. ಉಗುರಿನಿಂದ ಕೀಳಬೇಡಿ.

ಅರಿಶಿನ ಹಚ್ಚು ಅಂತ ಮನೆಯಲ್ಲಿ ಹೇಳೇ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಅಡುಗೆಮನೆಯ ಪುಡಿ ತೂತಿನೊಳಗೆ ಕೂತು ಕೆರೆಯುತ್ತದೆ, ಅದಕ್ಕೇ ಬೇಡ ಅನ್ನುತ್ತೇನೆ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹೊಸ ಚರ್ಮವನ್ನೇ ಸುಡುತ್ತವೆ. ಎಣ್ಣೆ ನೀವುವುದು ಹತ್ತು ಹದಿನೈದು ದಿನ ಕಳೆದು, ನೋವು ಪೂರ್ತಿ ಹೋದ ಮೇಲೆ. ಆಗ ದಿನಾ ಮಾಡಿ, ಹಾಲೆ ದಪ್ಪವಾಗಿ, ಮೆತ್ತಗೆ ಉಳಿಯುವುದು ಅದರಿಂದಲೇ. ತೆಗೆದಾಗ ಬೆಳ್ಳಗೆ ವಾಸನೆಯ ಕೊಳೆ ಕಂಡರೆ ಗಾಬರಿ ಬೇಡ. ಸತ್ತ ಚರ್ಮ, ಮೈಯ ಜಿಡ್ಡು ಅದು. ಸೋಪು ನೀರಿಗೆ ಹೋಗುತ್ತದೆ.

ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸುವವರಿಗೆ ನಿಜವಾದ ಶತ್ರು ಹೆಲ್ಮೆಟ್. ಹಾಕುವಾಗ, ತೆಗೆಯುವಾಗ ಒಳಗಿನ ಸ್ಪಂಜು ಹಾಲೆಯನ್ನು ಎಳೆದುಕೊಂಡು ಹೋಗುತ್ತದೆ. ಎರಡು ಕಡೆಯ ಪಟ್ಟಿಯನ್ನೂ ಹೊರಕ್ಕೆ ಅಗಲಿಸಿ ಹಿಡಿದು, ಕಿವಿ ದಾಟುವವರೆಗೆ ನಿಧಾನವಾಗಿ ಎಳೆಯಿರಿ. ರಾತ್ರಿ ಶುದ್ಧ ದಿಂಬಿನ ಕವರ್ ಇರಲಿ, ಹೊಸದಾಗಿ ಹಿಗ್ಗಿದ ಬದಿಗೆ ಮಲಗಬೇಡಿ.

ಕೆಟ್ಟರೆ ಹೇಗೆ ಗೊತ್ತಾಗುತ್ತದೆ

ದೊಡ್ಡಮ್ಮನ ಮಗಳು ದೀಪಾವಳಿಗೆ ಓಲೆ ಹಾಕಲೇಬೇಕು ಅಂತ 2ರಿಂದ ನೇರ 3ಕ್ಕೆ ಹೋದಳು. ಎರಡು ದಿನಕ್ಕೆ ಬಲಕಿವಿಯ ಹಿಂದೆ, ಪ್ಲಗ್ಗಿನ ಸುತ್ತ, ಒದ್ದೆಯಾದ ಕೆಂಪು ಅಂಚೊಂದು ಹೊರಗೆ ಮಡಚಿಕೊಂಡು ನಿಂತಿತು. ತೂತಿನ ಒಳಚರ್ಮವೇ ಹಿಂದಕ್ಕೆ ನೂಕಿಸಿಕೊಂಡು ಬಂದಿತ್ತು. ಇದಕ್ಕೆ ಬ್ಲೋಔಟ್ ಅನ್ನುತ್ತಾರೆ. ಅವಳಿಗೆ ಹೇಳಿ 2ಕ್ಕೇ ಇಳಿಸಿದ್ದಾಯಿತು. ಕೆಂಪು ಹೋಗುವವರೆಗೆ ಉಪ್ಪುನೀರು, ಒಣಗಿದ ಮೇಲೆ ಎಣ್ಣೆ ನೀವುವುದು. ಅಂಚು ತಿಂಗಳುಗಳಲ್ಲಿ ನಿಧಾನಕ್ಕೆ ಕುಗ್ಗಿತು. ಅದನ್ನು ಹಾಗೇ ಬಿಟ್ಟು ದೊಡ್ಡದನ್ನೇ ಹಾಕಿಕೊಂಡಿದ್ದರೆ ಆ ಅಂಚು ಕಾಯಂ ಆಗಿ ಉಳಿಯುತ್ತಿತ್ತು.

ಕೆಂಪು ಹರಡುತ್ತಾ ಹೋದರೆ, ಕಿವಿ ಸುಡುತ್ತಿದ್ದರೆ, ಹಳದಿ ಹಸಿರು ಕೀವು ಅಥವಾ ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಪ್ಲಗ್ಗನ್ನು ನೀವೇ ಕಿತ್ತು ಹಾಕಿ ಹೋಗಬೇಡಿ. ತೂತು ಮುಚ್ಚಿ ಕೀವು ಒಳಗೇ ಉಳಿಯಬಹುದು. ತೆಗೆಯಬೇಕೋ ಬೇಡವೋ ಅವರೇ ನೋಡಿ ಹೇಳಲಿ.

3 ಮಿ.ಮೀ.ವರೆಗೆ ಹೋದ ತೂತು ಬಿಟ್ಟರೆ ಸಾಮಾನ್ಯವಾಗಿ ಕುಗ್ಗುತ್ತದೆ. 8, 10 ಮಿ.ಮೀ. ಕಡೆಗೆ ಹೊರಟವರಿಗೆ ಆ ಭರವಸೆ ಇಲ್ಲ, ಒಬ್ಬೊಬ್ಬರ ಚರ್ಮ ಒಂದೊಂದು ರೀತಿ. ಮುಂದೆ ಬೇಡ ಅನ್ನಿಸಿದರೆ ಹೊಲಿಗೆಯೇ ಗತಿ ಆಗಬಹುದು ಅಂತ ಮನಸ್ಸಿನಲ್ಲಿಟ್ಟುಕೊಂಡು, ಪ್ರತಿ ಮೆಟ್ಟಿಲಿಗೆ ಮೂರು ತಿಂಗಳಾದರೂ ಕೊಟ್ಟು ಹೋಗಿ.

ಓಲೆ ಹಾಕುವಾಗ

ಎಳೆಗಳಿಗೆ ಒಂದು ಹನಿ ಎಣ್ಣೆ ಸವರಿ, ಕಡ್ಡಿಯನ್ನು ತಿರುಗಿಸದೆ ನೇರ ಒಳಗೆ ಬಿಡಿ. ಮುಂದಿನ ಕಲ್ಲಿನ ಭಾಗವನ್ನು ಅಲುಗದಂತೆ ಹಿಡಿದು ಹಿಂದಿನ ತಿರುಪನ್ನು ಮಾತ್ರ ತಿರುಗಿಸಿ. ಹಾಲೆಗೆ ಒತ್ತುವಷ್ಟು ಬಿಗಿ ಮಾಡಬೇಡಿ, ಕೂದಲೆಳೆಯಷ್ಟು ಜಾಗ ಇರಲಿ. ರಾತ್ರಿ ಓಲೆ ತೆಗೆದು 3ರ ಗಾಜಿನ ಪ್ಲಗ್ ಹಾಕಿಕೊಳ್ಳಿ, ಇಲ್ಲದಿದ್ದರೆ ತೂತು ಕಡ್ಡಿಯ ಅಳತೆಗೇ ಕುಗ್ಗಿ ಮತ್ತೆ ಎಳೆ ಕೆರೆಯಲು ಶುರುವಾಗುತ್ತದೆ. ವರ್ಷಕ್ಕೊಮ್ಮೆ ಓಲೆಯನ್ನು ಆಚಾರ್ರಿಗೆ ತೋರಿಸಿ. ಹಳೇ ತಿರುಪಿನ ಎಳೆ ಸವೆದಿದ್ದರೆ ಅದು ತಾನಾಗೇ ಸಡಿಲವಾಗಿ ಎಲ್ಲೋ ಬಿದ್ದುಹೋಗುತ್ತದೆ. ತಿರುಪನ್ನಷ್ಟೇ ಹೊಸದು ಮಾಡಿಸಿದರೆ ಸಾಕು, ಕಡ್ಡಿ ಮುಟ್ಟುವುದು ಬೇಡ ಅಂತ ಹೇಳಿ ಕೊಡಿ.