ಹಾಸ್ಟೆಲ್ ಕಳವಿನ ಆರೋಪ: ಗೆಳೆಯನ ಪರವಾಗಿ ನಾವು ಸಾಕ್ಷ್ಯ ಕಲೆಹಾಕಿದ ಬಗೆ

ಹಾಸ್ಟೆಲಿನಲ್ಲಿ ಮೊಬೈಲ್ ಕಳುವಾದರೆ ಮೊದಲ ಅನುಮಾನ ಬೀಳುವುದು ಕ್ಯಾಮೆರಾದಲ್ಲಿ ಕಾಣಿಸಿಕೊಂಡವನ ಮೇಲೆ. ನಮ್ಮ ಬಿ.ಎಸ್ಸಿ. ಸಹಪಾಠಿಯ ವಿಷಯದಲ್ಲೂ ಹಾಗೇ ಆಯಿತು. ಸಂಜೆ 7.52ಕ್ಕೆ ಅವನು ಆ ಕಾರಿಡಾರಿಗೆ ಬಂದ, 7.56ಕ್ಕೆ ಹೊರಟ ಎಂದು ರೆಕಾರ್ಡಿಂಗ್ ತೋರಿಸುತ್ತಿತ್ತು. ಫೋನ್ ಕಳೆದುಕೊಂಡವನು ಅದೇ ಫೋನಿನಿಂದ 7.48ಕ್ಕೆ ಕೊನೆಯ ಮೆಸೇಜ್ ಕಳಿಸಿ, ಚಾರ್ಜಿಗೆ ಹಾಕಿ ಊಟಕ್ಕೆ ಇಳಿದಿದ್ದ. ವಾಪಸ್ ಬಂದಾಗ 8.30, ಫೋನ್ ಇರಲಿಲ್ಲ. ಮೇಲ್ನೋಟಕ್ಕೆ ಎಲ್ಲವೂ ಹೊಂದಿಕೊಂಡಂತಿತ್ತು.

ಇಂಥ ಹೊತ್ತಲ್ಲಿ ಗೆಳೆಯರೆಲ್ಲ ಸೇರಿ ನಿಜವಾದ ಕಳ್ಳನನ್ನು ಹಿಡಿಯಲು ಹೊರಡುವುದು ಸಹಜ. ದಯವಿಟ್ಟು ಅದನ್ನು ಮಾಡಬೇಡಿ. ಇನ್ನೊಬ್ಬನ ಹೆಸರು ಬಾಯಿಗೆ ಬಂದ ಕ್ಷಣ ನೀವು ಇನ್ನೊಬ್ಬ ನಿರಪರಾಧಿಯನ್ನು ಅದೇ ಕಟಕಟೆಗೆ ನಿಲ್ಲಿಸಿರಬಹುದು. ಗ್ರೂಪಿನಲ್ಲಿ ಬರೆದರಂತೂ ಮಾನನಷ್ಟದ ದೂರು ನಿಮ್ಮ ಮೇಲೆಯೇ ಬರಬಹುದು. ಬೇರೆಯವರ ರೂಮಿನ ಬ್ಯಾಗ್ ತಡಕುವುದು, ದೂರು ಕೊಟ್ಟವನನ್ನು ಗುಂಪಾಗಿ ಹೋಗಿ ಕೇಳುವುದು, ಇವೆಲ್ಲ ನಿಮ್ಮ ಗೆಳೆಯನ ಕೇಸನ್ನೇ ಕೆಡಿಸುತ್ತವೆ. ನಿಮ್ಮ ಕೆಲಸ ಒಂದೇ: ಆ ಹೊತ್ತಿನಲ್ಲಿ ಅವನು ಎಲ್ಲಿದ್ದ ಎಂದು ನಿಮಿಷ ಹಿಡಿದು ತೋರಿಸುವುದು.

ಮೊದಲ ದಿನವೇ ಎರಡು ಸಂಗತಿ ಅವನಿಗೆ ಬಿಡಿಸಿ ಹೇಳಬೇಕು. ಮುಚ್ಚಳಿಕೆ ಪತ್ರಕ್ಕೆ ಸಹಿ ಹಾಕಬಾರದು. "ಸುಮ್ಮನೆ ಬರೆದುಕೊಡಪ್ಪ, ಇಲ್ಲಿಗೇ ಮುಗಿಸೋಣ" ಎಂದು ಪ್ರೀತಿಯಿಂದಲೇ ಹೇಳುತ್ತಾರೆ, ಆಮೇಲೆ ಆ ಪತ್ರವೇ ತಪ್ಪೊಪ್ಪಿಗೆ ಎಂದು ಫೈಲಿನಲ್ಲಿ ಕೂರುತ್ತದೆ. ಎರಡನೆಯದು, ಗೆಳೆಯರೆಲ್ಲ ದುಡ್ಡು ಹಾಕಿ ಫೋನಿನ ಬೆಲೆ ಕಟ್ಟಿಕೊಡಬಾರದು. ಮಾಡದ ಕಳವಿಗೆ ಯಾರು ದುಡ್ಡು ಕೊಡುತ್ತಾರೆ ಎಂಬ ಪ್ರಶ್ನೆಗೆ ಆಮೇಲೆ ಉತ್ತರವಿರುವುದಿಲ್ಲ. ಮನೆಯವರಿಗೆ ಕಾಲೇಜಿನಿಂದ ಫೋನ್ ಹೋಗುವ ಮೊದಲು ಅವನೇ ಅಪ್ಪ ಅಮ್ಮನಿಗೆ ಹೇಳಲಿ, ಪಕ್ಕದಲ್ಲಿ ನೀವಿರಿ.

ಇನ್ನು ಕ್ಯಾಮೆರಾ. ಎಲ್ಲಕ್ಕಿಂತ ಬೇಗ ಕೈಬಿಟ್ಟು ಹೋಗುವ ಸಾಕ್ಷ್ಯ ಇದು. ಕ್ಯಾಮೆರಾಗಳ ದೃಶ್ಯ ದಾಖಲಿಸಿಡುವ ಪೆಟ್ಟಿಗೆ, ಅಂದರೆ ಡಿವಿಆರ್‌ನ ಹಾರ್ಡ್ ಡಿಸ್ಕ್ ತುಂಬಿದರೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬಿಡದೆ ರೆಕಾರ್ಡ್ ಮಾಡಿದರೆ ದಿನಕ್ಕೆ 21.6 ಜಿಬಿ. ಎಂಟು ಕ್ಯಾಮೆರಾಗೆ ಸುಮಾರು 173 ಜಿಬಿ. 2 ಟಿಬಿ ಡಿಸ್ಕ್ ಆದರೆ ಹನ್ನೊಂದು ದಿನ ದಾಟುವಷ್ಟರಲ್ಲಿ ಆ ಸಂಜೆ ಅಳಿಸಿಹೋಗಿರುತ್ತದೆ. ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಮಾಡುವ ಸೆಟ್ಟಿಂಗ್ ಇದ್ದರೆ ಇನ್ನಷ್ಟು ದಿನ ಸಿಗಬಹುದು, ಆದರೆ ಅದನ್ನು ನಂಬಿ ಕೂರಬಾರದು. ಆರೋಪ ಬಂದ ದಿನವೇ ಪ್ರಾಂಶುಪಾಲರಿಗೆ ಅರ್ಧ ಪುಟದ ಅರ್ಜಿ ಕೊಡಿ: ಯಾವ ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ. ನಾವು 7ರಿಂದ 9ರವರೆಗೆ ಕೇಳಿದೆವು, ಏಕೆಂದರೆ ಅವನು ಬಂದು ಹೋದದ್ದನ್ನು ತೋರಿಸಿದರೆ ಸಾಲದು, ಮತ್ತೆ ಬರಲಿಲ್ಲ ಎಂಬುದೂ ಕಾಣಬೇಕು. ಅರ್ಜಿಯ ನಕಲಿನ ಮೇಲೆ ಟಪಾಲು ವಿಭಾಗದ ಮೊಹರು, ಇನ್‌ವರ್ಡ್ ಸಂಖ್ಯೆ, ತಾರೀಕು ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಕೊಡದಂತೆಯೇ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಸೆಕ್ಯುರಿಟಿ ಅಣ್ಣನನ್ನು ಪುಸಲಾಯಿಸಿ ಪರದೆಯ ವಿಡಿಯೊ ಮೊಬೈಲಿನಲ್ಲಿ ತೆಗೆದುಕೊಳ್ಳುವ ಆಸೆಯಾಗುತ್ತದೆ. ಬೇಡ. ಅವರ ಕೆಲಸ ಹೋಗುತ್ತದೆ, ನಿಮ್ಮ ವಿಡಿಯೊಗೂ ಬೆಲೆ ಬರುವುದಿಲ್ಲ. ಡಿವಿಆರ್‌ನ ಮೂಲ ಫಾರ್ಮ್ಯಾಟಿನಲ್ಲೇ, ಅದರ ಪ್ಲೇಯರ್ ಸಮೇತ, ಪೆನ್‌ಡ್ರೈವಿಗೆ ತೆಗೆದು ಕಾಲೇಜಿನ ವಿಚಾರಣಾ ಸಮಿತಿ ಇಟ್ಟುಕೊಳ್ಳಲಿ ಎಂದು ಕೇಳಿ.

ನಮ್ಮ ಗೆಳೆಯ ಪಾರಾದದ್ದು ಡಿವಿಆರ್‌ನ ಗಡಿಯಾರದಿಂದ. ಇಂಟರ್ನೆಟ್‌ಗೆ ಜೋಡಿಸದ ಡಿವಿಆರ್‌ನ ಸಮಯ ನಿಧಾನವಾಗಿ ಸರಿಯುತ್ತಲೇ ಇರುತ್ತದೆ. ಒಳಗಿನ ಬಟನ್ ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಪೂರ್ತಿ ತಪ್ಪುತ್ತದೆ. ವಾರ್ಡನ್ ಸರ್ ಎದುರಿಗೇ ಡಿವಿಆರ್ ಪರದೆಯ ಪಕ್ಕ ನೆಟ್‌ವರ್ಕ್ ಸಮಯ ತೋರಿಸುವ ಮೊಬೈಲ್ ಹಿಡಿದು, ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋಟೊ ತೆಗೆಯಬೇಕೆಂದು ಕೇಳಿಕೊಂಡೆವು. ಡಿವಿಆರ್ 14 ನಿಮಿಷ ಮುಂದಿತ್ತು. ಅಂದರೆ ಅವನು ಕಾರಿಡಾರಿಗೆ ಬಂದದ್ದು 7.38ಕ್ಕೆ, ಹೊರಟದ್ದು 7.42ಕ್ಕೆ. ಆ ಫೋನಿನಿಂದ ಮಾಲೀಕನೇ 7.48ಕ್ಕೆ ಮೆಸೇಜ್ ಕಳಿಸಿದ್ದಾನೆ!

ಆದರೆ ಇಷ್ಟಕ್ಕೇ ಕುಣಿಯಬಾರದು. "ಈಗ 14 ನಿಮಿಷ ಮುಂದಿದೆ ಸರಿ, ಅವತ್ತೂ ಹಾಗೇ ಇತ್ತೆಂದು ಏನು ಗ್ಯಾರಂಟಿ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಕೇಳಬೇಕಾದದ್ದೂ ಹೌದು. ಅದಕ್ಕೆ ಅದೇ ಸಂಜೆಯ, ಅದೇ ಡಿವಿಆರ್‌ನಲ್ಲಿ ದಾಖಲಾದ, ಸರಿಯಾದ ಸಮಯ ಬೇರೆಡೆ ಸಿಗುವ ಘಟನೆಯೊಂದು ಬೇಕು. ಮೆಸ್ಸಿನ ಬಾಗಿಲಲ್ಲಿ ಬೆರಳು ಇಡುವ ಬಯೋಮೆಟ್ರಿಕ್ ಯಂತ್ರವಿದೆ, ಅದು ಸರ್ವರಿನಿಂದ ಸಮಯ ತೆಗೆದುಕೊಳ್ಳುತ್ತದೆ. ಬೆರಳಿಡುವುದು ಕ್ಯಾಮೆರಾದಲ್ಲೂ ಕಾಣುತ್ತದೆ. ಆ ಸಂಜೆ ಊಟಕ್ಕೆ ಹೋದ ಮೂವರು ತಮ್ಮ ತಮ್ಮ ದಾಖಲೆ ಪರಿಶೀಲಿಸಲು ಒಪ್ಪಿಗೆ ಬರೆದುಕೊಟ್ಟರು. ಮೂರರಲ್ಲೂ ವ್ಯತ್ಯಾಸ 14 ನಿಮಿಷವೇ. ಒಂದೇ ಹೋಲಿಕೆ ಸಾಕೆಂದು ನಿಲ್ಲಿಸಬೇಡಿ, ಒಂದು ಆಕಸ್ಮಿಕ ಎನ್ನಿಸಿಕೊಳ್ಳುತ್ತದೆ. ಡಿವಿಆರ್‌ನ ಸಿಸ್ಟಂ ಲಾಗ್‌ನಲ್ಲಿ ಯಾರಾದರೂ ಆಮೇಲೆ ಸಮಯ ಬದಲಿಸಿದ್ದಾರೆಯೇ ಎಂಬುದನ್ನೂ ಸಮಿತಿಯಿಂದಲೇ ನೋಡಿಸಿ.

ಕಾರಿಡಾರಿಗೆ ಇನ್ನೊಂದು ಮೆಟ್ಟಿಲಿತ್ತು, ಅಲ್ಲಿ ಕ್ಯಾಮೆರಾ ಇರಲಿಲ್ಲ. ನಮ್ಮ ವಾದದ ದುರ್ಬಲ ಜಾಗ ಅದು. ಅದನ್ನು ಮುಚ್ಚಿಡದೆ ನಾವೇ ಎತ್ತಿ, 7.42ರಿಂದ 8.30ರವರೆಗೆ ಅವನು ಎಲ್ಲಿದ್ದ ಎಂದು ತೋರಿಸಿದೆವು. ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ 7.51ಕ್ಕೆ ಯುಪಿಐ ಪಾವತಿ, 8.05ಕ್ಕೆ ಲೈಬ್ರರಿಯ ಪ್ರವೇಶ ಪುಸ್ತಕದಲ್ಲಿ ಅವನದೇ ಸಹಿ, ಮುಚ್ಚುವ ಹೊತ್ತಿಗೆ ನಿರ್ಗಮನ. ಯುಪಿಐ ವಿಚಾರದಲ್ಲಿ ಒಂದು ಎಚ್ಚರ: ಸ್ಕ್ರೀನ್‌ಶಾಟ್ ಯಾರು ಬೇಕಾದರೂ ತಿದ್ದಬಹುದು. 12 ಅಂಕಿಯ ಉಲ್ಲೇಖ ಸಂಖ್ಯೆ ಅಂಗಡಿಯವರ ಆ್ಯಪಿನಲ್ಲಿರುವುದಕ್ಕೂ ಬ್ಯಾಂಕ್ ಸ್ಟೇಟ್‌ಮೆಂಟಿಗೂ ತಾಳೆಯಾಗಬೇಕು. ಅದೂ ಕೂಡ ದುಡ್ಡು ಅವನ ಫೋನಿನಿಂದ ಹೋಯಿತು ಎಂದಷ್ಟೇ ಹೇಳುತ್ತದೆ, ಫೋನ್ ಅವನ ಕೈಯಲ್ಲೇ ಇತ್ತೆಂದು ಹೇಳುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ಅವನನ್ನು ಕಂಡವರ ಮಾತೂ ಬೇಕು.

ಫೋಟೊಗಳನ್ನು ವಾಟ್ಸ್ಆ್ಯಪಿನಲ್ಲಿ ಮಾಮೂಲಿನಂತೆ ಕಳಿಸಿದರೆ ತೆಗೆದ ಸಮಯ ಮತ್ತು ಸ್ಥಳದ ಮಾಹಿತಿ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಫೋನಿನಿಂದ ಅಳಿಸಬೇಡಿ. ವಿಷಯ ಪೊಲೀಸರವರೆಗೆ, ಕೋರ್ಟಿನವರೆಗೆ ಹೋದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲ್ ಚೂರು ಬದಲಾದರೂ ಇದು ಬದಲಾಗುತ್ತದೆ) ಬರೆಯಬೇಕು. ಕಾಲೇಜಿನ ವಿಚಾರಣೆಗೆ ಇಷ್ಟೆಲ್ಲ ಕಡ್ಡಾಯವಲ್ಲ, ಆದರೂ ಫೈಲ್ ಸಿಕ್ಕ ದಿನವೇ ಹ್ಯಾಶ್ ತೆಗೆದಿಟ್ಟರೆ ಮುಂದೆ ಯಾರೂ ತಿದ್ದಿದ್ದಾರೆ ಎನ್ನಲಾರರು.

ಸಾಕ್ಷಿಗಳ ಹೇಳಿಕೆಯಲ್ಲೇ ಹೆಚ್ಚಿನ ಗೆಳೆಯರ ಗುಂಪು ಎಡವುವುದು. ಎಲ್ಲರನ್ನೂ ಒಂದೇ ರೂಮಿನಲ್ಲಿ ಕೂರಿಸಿ ಬರೆಸುತ್ತಾರೆ, ನಾಲ್ಕು ಹಾಳೆಯಲ್ಲೂ "ಸರಿಯಾಗಿ 7.50ಕ್ಕೆ" ಎಂಬ ಒಂದೇ ಮಾತು ಬರುತ್ತದೆ, ಸಮಿತಿಗೆ ನಾಲ್ಕೂ ಬೇಡವಾಗುತ್ತವೆ. ಒಬ್ಬೊಬ್ಬರೇ ಬೇರೆ ಬೇರೆ ಕೂತು ಬರೆಯಲಿ. ಕಂಡದ್ದು ಮಾತ್ರ, ಕೇಳಿದ್ದು ಬೇಡ. ಸಮಯ ಬರೆದರೆ ಅದು ಹೇಗೆ ಗೊತ್ತೆಂದೂ ಬರೆಯಲಿ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಎಂದೇ ಇರಲಿ. ಆ ಒಂದು ಮಾತು ಉಳಿದದ್ದನ್ನು ನಂಬಿಸುತ್ತದೆ. ಗೆಳೆಯರ ಸಾಕ್ಷಿಗಿಂತ ಲೈಬ್ರರಿಯವರ, ಟೀ ಅಂಗಡಿಯವರ ಸಾಕ್ಷಿಗೆ ತೂಕ ಹೆಚ್ಚು. ಮೆಸ್ಸಿನ ಕೆಲಸದವರಿಂದ ನೀವೇ ಬರೆಸಿಕೊಳ್ಳಲು ಹೋಗಬೇಡಿ, ಅವರಿಗೆ ಕೆಲಸದ ಭಯವಿರುತ್ತದೆ. ಇಂಥವರನ್ನು ವಿಚಾರಿಸಿ ಎಂದು ಸಮಿತಿಗೆ ಅರ್ಜಿ ಕೊಡಿ.

ಕಾರಣ ಕೇಳಿ ನೋಟಿಸಿಗೆ ಉತ್ತರ ಎರಡು ಪುಟ ಮೀರದಿರಲಿ. "ತುಂಬಾ ಒಳ್ಳೆಯ ಹುಡುಗ ಸರ್" ಎಂದು ಇಡೀ ಕ್ಲಾಸು ಸಹಿ ಹಾಕಿದ ಪತ್ರದಿಂದ ಪ್ರಯೋಜನ ಕಡಿಮೆ. ಒಂದು ಕೋಷ್ಟಕ ಮಾಡಿ: ದಾಖಲೆ ತೋರಿಸುವ ಸಮಯ, ಸರಿಪಡಿಸಿದ ಸಮಯ, ಏನಾಯಿತು, ಆಧಾರ ಯಾವುದು, ಮೂಲ ಯಾರ ಬಳಿ ಇದೆ. ಪ್ರತಿ ಆಧಾರಕ್ಕೂ ಅನುಬಂಧದ ಸಂಖ್ಯೆ. ದೂರಿನ ನಕಲನ್ನೂ ಅದರಲ್ಲೇ ಕೇಳಿ, ಏನೆಂದು ಆರೋಪಿಸಿದ್ದಾರೆ ಎಂದು ತಿಳಿಯದೆ ಉತ್ತರ ಕೊಡಲಾಗದು.

ಆರೋಪ ಹೊತ್ತ ವಿದ್ಯಾರ್ಥಿಗೆ ಹೇಳಿಕೊಳ್ಳಲು ಅವಕಾಶ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ ಘನಶ್ಯಾಮ್ ದಾಸ್ ಗುಪ್ತಾ ಪ್ರಕರಣದಲ್ಲಿ 1962ರಲ್ಲೇ ಹೇಳಿದೆ. ಅದು ಪರೀಕ್ಷಾ ಅಕ್ರಮದ ಪ್ರಕರಣ. ಆದರೆ ದೂರುದಾರರನ್ನು ಎದುರು ನಿಲ್ಲಿಸಿ ಪಾಟೀಸವಾಲು ಮಾಡುವ ಹಕ್ಕು ಎಲ್ಲ ಸಂದರ್ಭದಲ್ಲೂ ಇಲ್ಲ. ರಾಂಚಿಯ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಪ್ರಕರಣದಲ್ಲಿ 1973ರಲ್ಲಿ ಅದೇ ನ್ಯಾಯಾಲಯ ಅದನ್ನು ಸ್ಪಷ್ಟಪಡಿಸಿದೆ. ಅದಕ್ಕೇ ಬಾಯಿಮಾತಿನ ವಾದಕ್ಕಿಂತ ಕಾಗದ ಗಟ್ಟಿಯಿರಬೇಕು. ವಿಚಾರಣೆಯ ನಡಾವಳಿಗೆ ಸಹಿ ಹಾಕುವ ಮೊದಲು ಪೂರ್ತಿ ಓದಲಿ, ಹೇಳದ ಮಾತು ಬರೆದಿದ್ದರೆ ಅಲ್ಲೇ ಆಕ್ಷೇಪ ಬರೆದು ಸಹಿ ಹಾಕಲಿ.

ನ್ಯಾಯ ಸಿಗದಿದ್ದರೆ ಯುಜಿಸಿಯ 2023ರ ನಿಯಮಗಳ ಪ್ರಕಾರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ಹೋಗಬಹುದು, ಅಲ್ಲಿಯ ತೀರ್ಮಾನದ ವಿರುದ್ಧ 15 ದಿನದೊಳಗೆ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ದೂರು ಆಲಿಸುವ ಮೇಲ್ಮನವಿ ಅಧಿಕಾರಿ) ಮೇಲ್ಮನವಿ ಸಲ್ಲಿಸಬಹುದು. ಸರ್ಕಾರಿ ಕಾಲೇಜಾದರೆ ವಿಚಾರಣಾ ವರದಿಯ ನಕಲಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ ಇರುವುದರಿಂದ ಕ್ಯಾಮೆರಾ ದೃಶ್ಯ ಉಳಿಸಲು ಈ ದಾರಿ ನೆಚ್ಚಬೇಡಿ. ಪೊಲೀಸರು ಕರೆದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ ವಕೀಲರನ್ನು ಕೇಳಿ. ಗೆಳೆಯನಿಗೆ 18 ತುಂಬಿಲ್ಲದಿದ್ದರೆ ಬಾಲನ್ಯಾಯ ಕಾಯ್ದೆ ಅನ್ವಯಿಸುತ್ತದೆ, ವಯಸ್ಸಿನ ಪುರಾವೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜೊತೆಗಿರಲಿ.

ಈ ಓಡಾಟದಲ್ಲಿ ಒಬ್ಬರನ್ನು ಯಾವ ಕಾಗದದ ಕೆಲಸಕ್ಕೂ ಹಚ್ಚಬೇಡಿ. ಅವನ ಜೊತೆ ಊಟ ಮಾಡುವುದು, ಅದೇ ರೂಮಿನಲ್ಲಿ ಮಲಗುವುದು, ಕ್ಲಾಸಿಗೆ ಪಕ್ಕದಲ್ಲಿ ನಡೆಯುವುದು, ಅಷ್ಟೇ ಅವರ ಕೆಲಸ. ಕಳ್ಳ ಎನ್ನಿಸಿಕೊಂಡ ಹುಡುಗ ಒಬ್ಬನೇ ಇರಬಾರದು. ಅವನ ಮಾತು ಕಡಿಮೆಯಾದರೆ, ನಿದ್ದೆ ಬಿಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಕೊನೆಗೆ ಆದೇಶದ ಭಾಷೆ. "ಎಚ್ಚರಿಕೆ ನೀಡಿ ಬಿಡಲಾಗಿದೆ" ಎಂದಿದ್ದರೆ ಒಪ್ಪಬೇಡಿ, ತಪ್ಪು ಮಾಡಿದವನಿಗೆ ಕೊಡುವುದು ಎಚ್ಚರಿಕೆ. "ಆರೋಪ ಸಾಬೀತಾಗಿಲ್ಲ, ದೋಷಮುಕ್ತಗೊಳಿಸಲಾಗಿದೆ" ಎಂದು ಲಿಖಿತವಾಗಿ ಬರಬೇಕು. ವಿಚಾರಣೆ ಮುಗಿಯುವವರೆಗೆ ಅಮಾನತು ಮಾಡಿದ್ದರೆ ಆ ದಿನಗಳ ಹಾಜರಾತಿ ಸರಿಪಡಿಸಿಕೊಳ್ಳಿ, ಇಲ್ಲದಿದ್ದರೆ ಶೇ. 75ರ ಲೆಕ್ಕದಲ್ಲಿ ಪರೀಕ್ಷೆಗೆ ತೊಡಕಾಗುತ್ತದೆ. ನಡತೆ ಪ್ರಮಾಣಪತ್ರದಲ್ಲಿ ಷರಾ ಬರದಂತೆ, ಹಾಸ್ಟೆಲ್ ಠೇವಣಿಯಲ್ಲಿ ದಂಡ ಮುರಿದುಕೊಳ್ಳದಂತೆ ನೋಡಿಕೊಳ್ಳಿ. ಅಮಾನತಿನ ನೋಟಿಸ್ ಯಾವ ಬೋರ್ಡಿನಲ್ಲಿ ಹಚ್ಚಿದ್ದರೋ ಈ ಆದೇಶವನ್ನೂ ಅದೇ ಬೋರ್ಡಿನಲ್ಲಿ, ಅಷ್ಟೇ ದಿನ ಹಚ್ಚಬೇಕೆಂದು ಅರ್ಜಿ ಕೊಡಿ, ಅದಕ್ಕೂ ಇನ್‌ವರ್ಡ್ ಸಂಖ್ಯೆ ಹಾಕಿಸಿಕೊಳ್ಳಿ.