ಮಂಗಳದ ರೋವರ್‌ಗೆ ನಾಳೆಯ ಕೆಲಸ ಹೇಳುವುದು ಹೇಗೆ?

ಮಂಗಳ ಗ್ರಹದ ನೆಲದಲ್ಲಿ ಓಡಾಡುವ ಯಂತ್ರ, ಅಂದರೆ ರೋವರನ್ನು ಆಟದ ಕಾರಿನ ಹಾಗೆ ರಿಮೋಟ್ ಹಿಡಿದು ಓಡಿಸುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಆಗದ ಮಾತು. ಭೂಮಿಯಿಂದ ಹೊರಟ ರೇಡಿಯೊ ಸಂಕೇತ ಮಂಗಳ ಮುಟ್ಟಲು ಸುಮಾರು 3ರಿಂದ 22 ನಿಮಿಷ ಬೇಕು. ಮುಂದೆ ಗುಂಡಿ ಇದೆ ಅಂತ ನಮಗೆ ಗೊತ್ತಾಗುವಷ್ಟರಲ್ಲಿ ರೋವರ್ ಗುಂಡಿಯಲ್ಲಿರುತ್ತದೆ! ಹಾಗಾಗಿ ಇಡೀ ದಿನದ ಕೆಲಸವನ್ನು ಮೊದಲೇ ಬರೆದು ಕಳಿಸಬೇಕು. 2004ರ ಜನವರಿಯಲ್ಲಿ ಮಂಗಳದಲ್ಲಿಳಿದ ಸ್ಪಿರಿಟ್ ಮತ್ತು ಆಪರ್ಚುನಿಟಿ ರೋವರ್‌ಗಳಿಗಾಗಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರ ಮತ್ತು ಜೆಪಿಎಲ್ (ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ) ಸೇರಿ, ದಿನದ ಕೆಲಸಗಳನ್ನು ಹೊಂದಿಸಿಕೊಡುವ ಮ್ಯಾಪ್‌ಜೆನ್ ಎಂಬ ಸಾಫ್ಟ್‌ವೇರ್ ಸಿದ್ಧಪಡಿಸಿದ್ದವು. ಅದರ ಜಾಡು ಹಿಡಿದೇ ಹೋಗೋಣ.

1. ರೋವರ್ ಹೇಗಿದೆ, ನೋಡಿಕೊಳ್ಳಿ

ಮಂಗಳದ ಮಧ್ಯಾಹ್ನ ಕಳೆದ ಮೇಲೆ, ಮೇಲೆ ಸುತ್ತುವ ಒಡಿಸ್ಸಿ ನೌಕೆಯ ಮೂಲಕ ಆ ದಿನದ ಮಾಹಿತಿ ಬರುತ್ತಿತ್ತು. ಎಲ್ಲಿ ನಿಂತಿದೆ, ಬ್ಯಾಟರಿ ಎಷ್ಟಿದೆ, ಮೆಮೊರಿಯಲ್ಲಿ ಜಾಗ ಉಳಿದಿದೆಯಾ? ಅಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಇಲ್ಲಿ ಯೋಜನೆ ತಯಾರಾಗಬೇಕು. ಮಂಗಳದ ದಿನ ನಮ್ಮದಕ್ಕಿಂತ ಸುಮಾರು 40 ನಿಮಿಷ ಜಾಸ್ತಿ. ಹಾಗಾಗಿ ಮೊದಲ ತಿಂಗಳುಗಳಲ್ಲಿ ತಂಡದವರ ಶಿಫ್ಟ್ ದಿನಾ ಅಷ್ಟು ಮುಂದಕ್ಕೆ ಜಾರುತ್ತಿತ್ತು. ಮನೆಯವರ ಪಾಡು ಊಹಿಸಿಕೊಳ್ಳಿ.

2. ಬೇಡಿಕೆ ಪಟ್ಟಿ ಮಾಡಿ

ವಿಜ್ಞಾನಿಗಳು ಕೇಳಿದ್ದನ್ನೆಲ್ಲ ಬರೆದುಕೊಳ್ಳಿ. ಪ್ರತಿ ಕೆಲಸಕ್ಕೂ ಎಷ್ಟು ಹೊತ್ತು, ಎಷ್ಟು ವಿದ್ಯುತ್, ಎಷ್ಟು ಡೇಟಾ, ಯಾವುದು ಮುಖ್ಯ ಎಂಬುದು ಜೊತೆಗಿರಲಿ. ಒಂದು ದಿನದಲ್ಲಿ ಆಗುವುದಕ್ಕಿಂತ ಬೇಡಿಕೆ ಜಾಸ್ತಿಯೇ ಇರುತ್ತದೆ.

3. ನಿಯಮಗಳನ್ನು ಸೇರಿಸಿ

ತೋಳು ಚಾಚಿಕೊಂಡು ಓಡುವಂತಿಲ್ಲ. ಬೆಳಗಿನ ಚಳಿಯಲ್ಲಿ ಕ್ಯಾಮೆರಾ ತಿರುಗಿಸುವ ಮೋಟಾರನ್ನು ಮೊದಲು ಬಿಸಿ ಮಾಡಬೇಕು. ರಾತ್ರಿಗೆ ಬೇಕಾದಷ್ಟು ಚಾರ್ಜ್ ಉಳಿಸಬೇಕು. ಜೊತೆಗೆ, ವಿಜ್ಞಾನಿಗಳ ಷರತ್ತುಗಳೂ ಇರುತ್ತವೆ: ಈ ಎರಡು ಅಳತೆ ಒಂದರ ಬೆನ್ನಿಗೆ ಒಂದು ಆಗಲಿ, ಈ ಫೋಟೊ ಇಂಥ ಬಿಸಿಲಿನಲ್ಲೇ ಬರಲಿ.

4. ಈಗ ಸಾಫ್ಟ್‌ವೇರ್‌ಗೆ ಬಿಡಿ, ಆದರೆ ಪೂರ್ತಿ ಬಿಡಬೇಡಿ

‘ಎಲ್ಲವನ್ನೂ ನೀನೇ ಹೊಂದಿಸು’ ಎಂದರೆ ಮ್ಯಾಪ್‌ಜೆನ್ ಹೊಂದಿಸಿಕೊಡುತ್ತಿತ್ತು. ಯಾವ ನಿಯಮವೂ ಮುರಿಯುತ್ತಿರಲಿಲ್ಲ. ಆದರೂ ಬಳಸುವವರಿಗೆ ಅದು ಹಿಡಿಸಲಿಲ್ಲ. ಹತ್ತಾರು ಕೆಲಸ ಒಮ್ಮೆಲೇ ಜಾಗ ಹಿಡಿದು ಕೂತರೆ, ಇದು ಇಲ್ಲೇ ಯಾಕೆ ಬಂತು, ಅದು ಯಾಕೆ ಬಿಟ್ಟುಹೋಯಿತು ಎಂದು ತಿಳಿಯುವುದಿಲ್ಲ. ತಿಳಿಯದ ಯೋಜನೆಯನ್ನು ಕೋಟಿಗಟ್ಟಲೆ ಡಾಲರಿನ ಯಂತ್ರಕ್ಕೆ ಕಳಿಸುವ ಧೈರ್ಯ ಯಾರಿಗಿದೆ?

ಹಾಗಾಗಿ ಕೆಲಸಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಡುವುದು ರೂಢಿಯಾಯಿತು. ಮೊದಲು ಮುಖ್ಯವಾದವು, ಆಮೇಲೆ ಉಳಿದವು. ಒಂದು ಕೆಲಸವನ್ನು ಕೈಯಾರೆ ಎಳೆದು ಬೇರೆ ಹೊತ್ತಿಗಿಟ್ಟರೆ, ಅದಕ್ಕೆ ಅಂಟಿಕೊಂಡ ಕೆಲಸಗಳನ್ನು ಸಾಫ್ಟ್‌ವೇರ್ ತಾನೇ ಸರಿಸುತ್ತಿತ್ತು. ಉಳಿದವನ್ನು ಆದಷ್ಟು ಮುಟ್ಟುತ್ತಿರಲಿಲ್ಲ. ನನಗೆ ಇದೇ ಅದರ ದೊಡ್ಡ ಗುಣ ಅನ್ನಿಸುತ್ತದೆ. ಲೆಕ್ಕ ಯಂತ್ರದ್ದು, ಯಾವುದು ಮೊದಲು ಎನ್ನುವ ತೀರ್ಮಾನ ಮನುಷ್ಯರದ್ದು.

5. ಕೆಲಸವನ್ನು ಕಮಾಂಡ್‌ಗಳಾಗಿ ಒಡೆಯಿರಿ

‘ಬಂಡೆಯ ಫೋಟೊ ತೆಗಿ’ ಎಂದರೆ ರೋವರ್‌ಗೆ ಏನೂ ಅರ್ಥವಾಗದು. ಮೋಟಾರ್ ಬಿಸಿ ಮಾಡು, ಕ್ಯಾಮೆರಾ ಇರುವ ಕಂಬ ತಿರುಗಿಸು, ಫಿಲ್ಟರ್ ಬದಲಿಸು, ಕ್ಲಿಕ್ಕಿಸು, ಚಿತ್ರವನ್ನು ಕುಗ್ಗಿಸಿ ಇಟ್ಟುಕೋ ಎಂದು ಬಿಡಿಸಿ ಹೇಳಬೇಕು.

6. ಪರೀಕ್ಷಿಸಿ, ಮತ್ತೆ ಪರೀಕ್ಷಿಸಿ

ಇಲ್ಲಿ ಅವಸರ ಬೇಡ. 1988ರಲ್ಲಿ ಸೋವಿಯತ್ ಒಕ್ಕೂಟದ ಫೋಬೋಸ್ 1 ನೌಕೆಗೆ ಹೋದ ಕಮಾಂಡಿನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿತ್ತು. ನೌಕೆಯನ್ನು ಸರಿಯಾದ ದಿಕ್ಕಿನಲ್ಲಿಡುವ ಪುಟ್ಟ ಎಂಜಿನ್‌ಗಳು ಆರಿದವು, ಸೌರಫಲಕ ಸೂರ್ಯನಿಂದ ತಿರುಗಿತು, ಬ್ಯಾಟರಿ ಬರಿದಾಯಿತು. ಅಲ್ಲಿಗೆ ಮುಗಿಯಿತು. ಅದಕ್ಕೂ ಮೊದಲು, 1982ರ ನವೆಂಬರಿನಲ್ಲಿ, ಮಂಗಳದಲ್ಲಿಳಿದಿದ್ದ ನಾಸಾದ ವೈಕಿಂಗ್ 1ಕ್ಕೆ ಬ್ಯಾಟರಿ ಸುಧಾರಿಸಲು ಕಳಿಸಿದ ಕಮಾಂಡ್ ಆಂಟೆನಾ ಎತ್ತ ನೋಡಬೇಕೆಂಬ ಮಾಹಿತಿಯನ್ನೇ ಅಳಿಸಿಹಾಕಿತ್ತು. ಆಮೇಲೆ ಅದರ ಸದ್ದೇ ಇಲ್ಲ. ಅದಕ್ಕೇ ಇಡೀ ಕಮಾಂಡ್ ಸರಣಿಯನ್ನು ಮೊದಲು ಕಂಪ್ಯೂಟರಿನಲ್ಲಿ ಓಡಿಸಿ ನೋಡುತ್ತಾರೆ.

7. ಕಳಿಸಿ

ನಾಸಾಕ್ಕೆ ಇದಕ್ಕಾಗಿ ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್, ಕ್ಯಾನ್‌ಬೆರಾಗಳಲ್ಲಿ ದೊಡ್ಡ ಆಂಟೆನಾಗಳಿವೆ. ನಮ್ಮ ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲೂ ಇಸ್ರೊದ 32 ಮೀಟರ್ ಆಂಟೆನಾ ಇದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಎಂಜಿನ್ ಉರಿಸಿ ಕಕ್ಷೆ ಸೇರಿತಲ್ಲ, ಆ ಕಮಾಂಡ್‌ಗಳು ಹೆಚ್ಚುಕಡಿಮೆ ಹತ್ತು ದಿನ ಮೊದಲೇ ನೌಕೆಯೊಳಗೆ ಕೂತಿದ್ದವು. ಎಂಜಿನ್ ಉರಿಯುವಾಗ ನೌಕೆ ಮಂಗಳದ ಹಿಂದೆ ಮರೆಯಾಗುವುದಿತ್ತು. ಆಗ ಹೇಳುವುದೂ ಇಲ್ಲ, ಕೇಳುವುದೂ ಇಲ್ಲ.

8. ಧೈರ್ಯವಿದ್ದರೆ, ಯೋಜನೆಯನ್ನೂ ನೌಕೆಗೇ ಬಿಡಿ

1999ರ ಮೇ ತಿಂಗಳಲ್ಲಿ ನಾಸಾದ ಡೀಪ್ ಸ್ಪೇಸ್ 1 ನೌಕೆಯಲ್ಲಿ ರಿಮೋಟ್ ಏಜೆಂಟ್ ಎಂಬ ಸಾಫ್ಟ್‌ವೇರ್ ತಾನೇ ಯೋಜನೆ ಹಾಕಿ ನಡೆಸಿತು. ನಡುವೆ ಪ್ರೋಗ್ರಾಮಿನ ಎರಡು ಭಾಗಗಳು ಒಂದನ್ನೊಂದು ಕಾಯುತ್ತ ಕೂತುಬಿಟ್ಟವು. ಎಂಜಿನಿಯರ್‌ಗಳು ಕಾರಣ ಹುಡುಕಿದ ಮೇಲೆ ಪ್ರಯೋಗ ಮುಂದುವರಿಯಿತು. ಮುಂದೆ ಭೂಮಿಯನ್ನು ಸುತ್ತುವ ಇಒ-1 ಉಪಗ್ರಹದಲ್ಲಿ ಕ್ಯಾಸ್ಪರ್ ಎಂಬ ಯೋಜಕ ಸಾಫ್ಟ್‌ವೇರ್ ಕೂತಿತು. ತೆಗೆದ ಚಿತ್ರದಲ್ಲಿ ಅಗ್ನಿಪರ್ವತದ ಬಿಸಿಯೋ ನೆರೆಯೋ ಕಂಡರೆ, ಮುಂದಿನ ಸುತ್ತಿನ ಕೆಲಸ ಬದಲಿಸಿ ಅದೇ ಜಾಗವನ್ನು ಮತ್ತೆ ನೋಡಲು ಉಪಗ್ರಹವೇ ಹೊರಡುತ್ತಿತ್ತು. ಇಒ-1 ನಿವೃತ್ತಿಯಾದದ್ದು 2017ರಲ್ಲಿ.