ಅಂಬಾಸಿಡರ್‌ನ ಹಿಂದಿನ ಸ್ಪ್ರಿಂಗ್ ಬುಷ್ ಬದಲಾಯಿಸುವುದು ಹೇಗೆ?

ಹಂಪ್ ಇಳಿಯುವಾಗ ಹಿಂದಿನಿಂದ ‘ಟಕ್’ ಅಂತ ಸದ್ದು. ಕ್ಲಚ್ ಬಿಟ್ಟು ಗಾಡಿ ಹೊರಟಾಗ ಹಿಂದಿನ ಸೀಟಿನ ಕೆಳಗೆ ಏನೋ ಬಡಿದ ಹಾಗೆ. ನೇರ ರಸ್ತೆಯಲ್ಲೂ ಸ್ಟೇರಿಂಗ್ ತಿದ್ದುತ್ತಲೇ ಇರಬೇಕು. ಹಳೆಯ ಅಂಬಾಸಿಡರ್ ಇಟ್ಟುಕೊಂಡವರಿಗೆ ಇವೆಲ್ಲ ಪರಿಚಿತ ಕಾಯಿಲೆಗಳು. ಎಷ್ಟೋ ಜನ ಇದಕ್ಕೆ ಶಾಕ್ ಅಬ್ಸಾರ್ಬರ್ ಬದಲಾಯಿಸುತ್ತಾರೆ. ದುಡ್ಡು ಖರ್ಚಾಗುತ್ತದೆ, ಸದ್ದು ಹಾಗೇ ಇರುತ್ತದೆ. ಮೊದಲು ನೋಡಬೇಕಾದ್ದು ಲೀಫ್ ಸ್ಪ್ರಿಂಗಿನ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು) ತುದಿಗಳಲ್ಲಿರುವ ರಬ್ಬರ್ ಬುಷ್‌ಗಳನ್ನು, ಅಂದರೆ ತೂತಿನೊಳಗೆ ಕೂರುವ ರಬ್ಬರ್ ಕೊಳವೆಗಳನ್ನು. ಅವುಗಳ ಬೆಲೆ ಕಡಿಮೆ. ಮನೆಯಂಗಳದಲ್ಲೇ ಮಾಡಬಹುದಾದ ಕೆಲಸ.

ಅಂಬಾಸಿಡರ್ ಹುಟ್ಟಿದ್ದು ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನಿಂದ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಯಿತು. ಎಂಜಿನ್ ಬದಲಾದರೂ ಹಿಂದಿನ ಲೀಫ್ ಸ್ಪ್ರಿಂಗ್ ಹಾಗೇ ಉಳಿಯಿತು. ಈ ಸ್ಪ್ರಿಂಗ್ ಭಾರ ಹೊರುವುದಷ್ಟೇ ಅಲ್ಲ, ಆಕ್ಸಲ್ ಅನ್ನು (ಹಿಂದಿನ ಎರಡು ಚಕ್ರಗಳ ನಡುವಿನ ಅಡ್ಡ ದಂಡ) ಅದರ ಜಾಗದಲ್ಲಿ ಹಿಡಿದಿಡುವುದೂ ಇದೇ. ಚಕ್ರ ಗಾಡಿಯನ್ನು ಮುಂದಕ್ಕೆ ತಳ್ಳುವ ಬಲ, ಬ್ರೇಕ್ ಹಾಕಿದಾಗ ಹಿಂದಕ್ಕೆ ಎಳೆಯುವ ಬಲ, ಎರಡೂ ಸ್ಪ್ರಿಂಗಿನ ಮುಂದಿನ ಕಣ್ಣಿನ (ತುದಿಯಲ್ಲಿ ಸುತ್ತಿದ ಬಳೆಯಂಥ ತೂತು) ಮೂಲಕವೇ ಗಾಡಿಯ ಬಾಡಿಯನ್ನು ತಲುಪಬೇಕು. ಹಿಂದಿನ ತುದಿ ಮಾತ್ರ ಶ್ಯಾಕಲ್‌ಗೆ, ಅಂದರೆ ಪ್ಲೇಟ್ ಮತ್ತು ಪಿನ್‌ಗಳಿಂದಾದ ತೂಗಾಡುವ ಕೊಂಡಿಗೆ, ಸೇರಿರುತ್ತದೆ; ಅದರ ಮೇಲಿನ ಪಿನ್ ಬಾಡಿಯಲ್ಲಿ, ಕೆಳಗಿನದು ಸ್ಪ್ರಿಂಗಿನ ಕಣ್ಣಿನಲ್ಲಿ. ಭಾರ ಬಿದ್ದಾಗ ಸ್ಪ್ರಿಂಗ್ ಚಪ್ಪಟೆಯಾಗಿ ಉದ್ದವಾಗುತ್ತದಲ್ವಾ, ಆಗ ಶ್ಯಾಕಲ್ ತೂಗಿ ಜಾಗ ಕೊಡುತ್ತದೆ. ಬುಷ್ ಸವೆದರೆ ಆಕ್ಸಲ್ ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ಸರಿಯುತ್ತದೆ. ಸ್ಟೇರಿಂಗ್ ತಿದ್ದುವ ಕಾಟ ಶುರುವಾಗುವುದು ಅಲ್ಲಿಂದ.

ಮುಖ್ಯವಾದ ಒಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ. ರಬ್ಬರ್ ಬುಷ್ ಬೇರಿಂಗಿನ ಹಾಗೆ ತಿರುಗುವ ವಸ್ತು ಅಲ್ಲ. ಅದರ ಹೊರಮೈ ಕಣ್ಣಿನ ಲೋಹವನ್ನು ಬಿಗಿಯಾಗಿ ಹಿಡಿದಿರಬೇಕು, ಒಳಮೈ ಪಿನ್ನನ್ನು ಹಿಡಿದಿರಬೇಕು. ಸ್ಪ್ರಿಂಗ್ ಆಡಿದಾಗ ನಡುವಿನ ರಬ್ಬರ್ ತಿರುಚಿಕೊಂಡು ಮತ್ತೆ ಮೊದಲಿನ ಹಾಗೆ ಆಗಬೇಕು. ಜಾರಬಾರದು. ಗ್ರೀಸ್ ಯಾಕೆ ಬೇಡ, ನಟ್ ಯಾವಾಗ ಬಿಗಿಯಬೇಕು ಅನ್ನುವುದಕ್ಕೆಲ್ಲ ಉತ್ತರ ಇಲ್ಲೇ ಇದೆ.

ಪರೀಕ್ಷೆ ಹೀಗೆ ಮಾಡಿ

ಗಾಡಿ ನೆಲದ ಮೇಲೇ ಇರಲಿ. ಟಾರ್ಚ್ ಹಿಡಿದು ಹಿಂದಿನ ಚಕ್ರದ ಹಿಂಭಾಗದಲ್ಲಿರುವ ಶ್ಯಾಕಲ್ ನೋಡಿ. ರಬ್ಬರ್ ಅಂಚು ಬಿರುಕು ಬಿಟ್ಟಿದ್ದರೆ, ಹೊರಗೆ ಉಬ್ಬಿ ಬಂದಿದ್ದರೆ, ಅಥವಾ ಪಿನ್ ಕಣ್ಣಿನ ನಡುಮಧ್ಯದಲ್ಲಿ ಇಲ್ಲದೆ ಒಂದು ಬದಿಗೆ ಕೂತಿದ್ದರೆ ಬುಷ್ ಮುಗಿದಿದೆ. ಶ್ಯಾಕಲ್ ಪ್ಲೇಟ್ ಮತ್ತು ಸ್ಪ್ರಿಂಗ್ ಕಣ್ಣಿನ ನಡುವೆ ಉದ್ದನೆಯ ಲಿವರ್ ಕೊಟ್ಟು ಮೀಟಿ. ಒಳ್ಳೆಯ ಬುಷ್ ಅಲುಗಿದರೂ ತಕ್ಷಣ ವಾಪಸ್ ಬರುತ್ತದೆ. ಹೋದ ಬುಷ್ ಲಟಕ್ ಅಂತ ಆಡುತ್ತದೆ. ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಲೋಹಕ್ಕೆ ಲೋಹ ಉಜ್ಜುತ್ತಿದೆ ಅಂತಲೇ ಅರ್ಥ.

ಒಂದು ಬದಿಯ ಬುಷ್ ಮಾತ್ರ ಹೋಗಿದ್ದರೂ ಎರಡೂ ಬದಿ ಬದಲಾಯಿಸಿ. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸಡಿಲ ಆದರೆ ಆಕ್ಸಲ್ ಓರೆಯಾಗಿ ನಿಲ್ಲುತ್ತದೆ.

ಸಾಮಾನು

ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಶ್ಯಾಕಲ್ ಬುಷ್ ಎರಡು ಅರ್ಧಗಳಾಗಿ ಬರುತ್ತದೆ. ಒಂದೊಂದು ಕಣ್ಣಿಗೆ ಎರಡೂ ಬದಿಯಿಂದ ಒಂದೊಂದು ಅರ್ಧ ಕೂರುತ್ತದೆ. ಒಂದು ಶ್ಯಾಕಲ್‌ಗೆ ಮೇಲೆ ಎರಡು, ಕೆಳಗೆ ಎರಡು, ಎರಡೂ ಬದಿ ಸೇರಿ 8 ಅರ್ಧಗಳು. ಕೊಳ್ಳುವಾಗ ಬೆರಳಲ್ಲಿ ಬಗ್ಗಿಸಿ ನೋಡಿ. ವರ್ಷಗಟ್ಟಲೆ ಅಂಗಡಿಯಲ್ಲೇ ಕೂತ ರಬ್ಬರ್ ಬಗ್ಗಿಸಿದಾಗ ಸಣ್ಣ ಸಣ್ಣ ಬಿರುಕು ತೋರಿಸುತ್ತದೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಹಳೆಯದನ್ನು ಬಿಚ್ಚಿ, ಜೊತೆಯಲ್ಲಿ ಒಯ್ದು, ಅಳತೆ ನೋಡಿ ತರುವುದು ಇನ್ನೂ ಒಳ್ಳೆಯದು.

ಪಾಲಿಯುರೆಥೇನ್ ಬುಷ್ ಹಾಕಿಸಿ ಅನ್ನುವವರಿದ್ದಾರೆ. ಅದು ಬಾಳಿಕೆ ಬರುತ್ತದೆ, ಎಣ್ಣೆಗೂ ಹೆದರುವುದಿಲ್ಲ, ನಿಜ. ಆದರೆ ರಬ್ಬರಿಗಿಂತ ಗಡಸು. ಅದು ತಿರುಚಿಕೊಳ್ಳುವುದಕ್ಕಿಂತ ಪಿನ್ನಿನ ಮೇಲೆ ಜಾರುವುದೇ ಜಾಸ್ತಿ. ಅದಕ್ಕೇ ಅಂತ ಬರುವ ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ಅಂಬಾಸಿಡರ್‌ನ ಸುಖ ಇರುವುದೇ ಆ ಮೆತ್ತನೆಯ ಓಟದಲ್ಲಿ. ನನ್ನ ಮಟ್ಟಿಗೆ ಈ ಗಾಡಿಗೆ ರಬ್ಬರೇ ಸರಿ.

ಪಾನಾ ವಿಷಯದಲ್ಲಿ ಎಚ್ಚರ. ಹಳೆಯ ಅಂಬಾಸಿಡರ್‌ನ ನಟ್‌ಗಳು ಇಂಚಿನ ಅಳತೆಯವು. ಅರ್ಧ ಇಂಚು ಅಂದರೆ 12.7 ಮಿ.ಮೀ. ಅದಕ್ಕೆ 13ರ ಪಾನಾ ಹಾಕಿದರೆ ಕೂತ ಹಾಗೆ ಕಾಣುತ್ತದೆ. ತುಕ್ಕು ಹಿಡಿದ ನಟ್ ಮೇಲೆ ಬಲ ಬಿಟ್ಟಾಗ ಮೂಲೆ ಸವೆದು ಉರುಟಾಗುತ್ತದೆ. ಇಂಚಿನ ಸೆಟ್ ಕಡ ತಂದಾದರೂ ಸರಿ, ಅದನ್ನೇ ಬಳಸಿ. ಇದರ ಜೊತೆ ಟ್ರಾಲಿ ಜಾಕ್, ಎರಡು ಗಟ್ಟಿ ಸ್ಟ್ಯಾಂಡ್, ಚಕ್ರಕ್ಕೆ ಮರದ ಅಡ್ಡ, ವೈರ್ ಬ್ರಷ್, ಎಮರಿ ಪೇಪರ್, ತುಕ್ಕು ಬಿಡಿಸುವ ಸ್ಪ್ರೇ ಬೇಕು. ನಟ್ ಮತ್ತು ಸ್ಪ್ರಿಂಗ್ ವಾಷರ್ ಹೊಸದೇ ಇರಲಿ.

ಬಿಚ್ಚುವುದು

ಹಿಂದಿನ ದಿನ ಸಂಜೆಯೇ ಶ್ಯಾಕಲ್ ನಟ್‌ಗಳಿಗೆ ಸ್ಪ್ರೇ ಹೊಡೆದಿಡಿ. ರಾತ್ರಿಯಿಡೀ ನೆನೆದರೆ ಬೆಳಿಗ್ಗೆ ಅರ್ಧ ಶ್ರಮ ಉಳಿಯುತ್ತದೆ.

ಗಾಡಿ ಸಮತಟ್ಟಾದ, ಗಟ್ಟಿ ನೆಲದ ಮೇಲಿರಲಿ. ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡ ಕೊಡಿ. ಹಿಂಭಾಗ ಎತ್ತಿ, ಸ್ಪ್ರಿಂಗಿನ ಮುಂದಿನ ಬ್ರಾಕೆಟ್‌ಗಿಂತ ಸ್ವಲ್ಪ ಮುಂದೆ, ಬಾಡಿಯ ಗಟ್ಟಿ ಭಾಗದ ಕೆಳಗೆ ಸ್ಟ್ಯಾಂಡ್ ಇಡಿ. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಹೋಗಲೇಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೂಡ ಬೇಡ, ಅವು ಹೇಳದೆ ಕೇಳದೆ ಸಿಡಿದು ಪುಡಿಯಾಗುತ್ತವೆ. ಚಕ್ರ ಬಿಚ್ಚಿ ಬಾಡಿಯ ಕೆಳಗೆ ಮಲಗಿಸಿಡಿ. ಏನಾದರೂ ಜಾರಿದರೆ ಅದೇ ತಡೆಯುತ್ತದೆ.

ಈಗ ಟ್ರಾಲಿ ಜಾಕನ್ನು ಆಕ್ಸಲ್ ಕೆಳಗೆ ತನ್ನಿ. ಇದು ಗಾಡಿ ಎತ್ತುವುದಕ್ಕಲ್ಲ, ಆಕ್ಸಲ್ ಅನ್ನು ಬೇಕಾದ ಎತ್ತರಕ್ಕೆ ಹಿಡಿಯುವುದಕ್ಕೆ. ನಿಧಾನ ಇಳಿಸುತ್ತಾ ಹೋಗಿ, ಶ್ಯಾಕಲ್ ಮೇಲಿನ ಒತ್ತಡ ಕಡಿಮೆಯಾದಾಗ ನಿಲ್ಲಿಸಿ. ಬ್ರೇಕ್ ಹೋಸ್ ಮೇಲೆ ಕಣ್ಣಿರಲಿ, ಅದು ಬಿಗಿಯಾಗಿ ಎಳೆಯಬಾರದು. ಶಾಕ್ ಅಬ್ಸಾರ್ಬರ್ ಅಡ್ಡ ಬಂದರೆ ಅದರ ಕೆಳಗಿನ ಜೋಡಣೆ ಬಿಚ್ಚಿಕೊಳ್ಳಿ.

ನಟ್ ತೆಗೆದು ಹೊರಗಿನ ಶ್ಯಾಕಲ್ ಪ್ಲೇಟ್ ಎಳೆಯಿರಿ. ಬರದಿದ್ದರೆ ಲಿವರ್‌ನಿಂದ ಮೇಲೆ ಕೆಳಗೆ ಸಮನಾಗಿ ಮೀಟಿ. ಪಿನ್ ಜಾಮ್ ಆಗಿದ್ದರೆ ತುದಿಗೆ ನಟ್ ತಿರುಗಿಸಿಟ್ಟು, ನಟ್ ಮೇಲೆ ಮರದ ತುಂಡು ಇಟ್ಟು ಹೊಡೆಯಿರಿ. ನೇರ ಹೊಡೆದರೆ ಥ್ರೆಡ್ ಹಾಳಾಗುತ್ತದೆ. ಗ್ಯಾಸ್ ಬೆಂಕಿ ಹಿಡಿದು ರಬ್ಬರ್ ಸುಟ್ಟು ತೆಗೆಯುವುದನ್ನು ಎಷ್ಟೋ ಕಡೆ ನೋಡಿರಬಹುದು. ಪೆಟ್ರೋಲ್ ಟ್ಯಾಂಕ್ ಇರುವುದು ಅಲ್ಲೇ ಹಿಂಭಾಗದಲ್ಲಿ. ಬೆಂಕಿಯ ಸಹವಾಸವೇ ಬೇಡ. ಚಾಕು, ಹ್ಯಾಕ್ಸಾ ಬ್ಲೇಡ್ ಸಾಕು.

ಹೊರಬಂದ ಬುಷ್ಷನ್ನು ಒಮ್ಮೆ ಅಂಗೈಯಲ್ಲಿಟ್ಟು ನೋಡಿ. ಭಾರ ಬೀಳುವ ಬದಿ ಕಾಗದದಷ್ಟು ತೆಳುವಾಗಿರುತ್ತದೆ, ಎದುರು ಬದಿ ಇನ್ನೂ ದಪ್ಪ. ಗುಂಡಗಿದ್ದ ತೂತು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಮೈಯೆಲ್ಲ ಹೊಳೆಯುತ್ತಿದ್ದರೆ ಅದು ತಿರುಚುವುದನ್ನು ಬಿಟ್ಟು ಜಾರುತ್ತಿತ್ತು. ಅಂಟಂಟಾಗಿ ಉಬ್ಬಿದ್ದರೆ ಎಣ್ಣೆ ಬಿದ್ದಿದೆ. ಹಾಗಾದರೆ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರುಗಳ ಗೂಡು) ಅಥವಾ ಆಕ್ಸಲ್ ಸೀಲ್ ಸೋರುತ್ತಿದೆಯಾ ನೋಡಿ. ಸೋರಿಕೆ ನಿಲ್ಲಿಸದೆ ಹೊಸ ಬುಷ್ ಹಾಕಿದರೆ ಅದಕ್ಕೂ ಇದೇ ಗತಿ.

ಪಿನ್ ಮೇಲೆ ಉಗುರು ಎಳೆಯಿರಿ. ಎಲ್ಲಾದರೂ ಮೆಟ್ಟಿಲು ಸಿಕ್ಕರೆ ಪಿನ್ನೂ ಸವೆದಿದೆ, ಬದಲಾಯಿಸಿ. ಸವೆದ ಪಿನ್ನನ್ನು ಹೊಸ ರಬ್ಬರ್ ಹಿಡಿಯುವುದಿಲ್ಲ.

ಕೂರಿಸುವುದು

ಕಣ್ಣಿನ ಒಳಮೈಯನ್ನು ವೈರ್ ಬ್ರಷ್, ಎಮರಿ ಪೇಪರ್ ಹಾಕಿ ಉಜ್ಜಿ. ಅಂಚಿನಲ್ಲಿ ಚೂಪಾದ ಮುಳ್ಳು ಉಳಿಯಬಾರದು, ಅದು ರಬ್ಬರನ್ನು ಕೊಯ್ಯುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ನೀರಿಗೆ ಬೆರೆಸಿ ಬುಷ್‌ಗೆ ಸವರಿ, ಕೈಯಲ್ಲೇ ಒತ್ತಿ ಕೂರಿಸಿ. ಸೋಪಿನ ನೀರು ಒಳಗೆ ಹೋಗಲು ಸಹಾಯ ಮಾಡಿ ಆಮೇಲೆ ಒಣಗುತ್ತದೆ, ರಬ್ಬರ್ ಹಿಡಿತ ಕಚ್ಚುತ್ತದೆ. ಮಾಮೂಲಿ ಗ್ರೀಸ್, ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಹಿಡಿತವೂ ಹೋಗುತ್ತದೆ. ‘ಒಂಚೂರು ಗ್ರೀಸ್ ಹಾಕಿದ್ರೆ ಸದ್ದು ನಿಲ್ಲುತ್ತೆ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸದ್ದು ಕೆಲವು ದಿನ ನಿಲ್ಲುತ್ತದೆ, ಬುಷ್ ಬೇಗ ಸಾಯುತ್ತದೆ.

ಪಿನ್ ತೂರಿಸಿ, ಹೊರಗಿನ ಪ್ಲೇಟ್ ಕೂರಿಸಿ. ಕಣ್ಣು ಮತ್ತು ಪಿನ್ ಸರಿಗೂಡದಿದ್ದರೆ ಸುತ್ತಿಗೆ ಎತ್ತಬೇಡಿ. ಆಕ್ಸಲ್ ಕೆಳಗಿನ ಜಾಕನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ, ತಾನಾಗೇ ಸೇರುತ್ತದೆ. ನಟ್‌ಗಳನ್ನು ಕೈಯಲ್ಲಿ ತಿರುಗಿಸಿ, ಪ್ಲೇಟ್ ರಬ್ಬರಿಗೆ ತಾಗುವಷ್ಟಕ್ಕೆ ಬಿಡಿ. ಇಲ್ಲಿ ಪೂರ್ತಿ ಬಿಗಿಯಬಾರದು.

ಮುಂದಿನ ಕಣ್ಣಿನ ಬುಷ್‌ಗೂ ಇದೇ ಕ್ರಮ. ಅಲ್ಲಿನ ಬೋಲ್ಟ್ ಸಾಮಾನ್ಯವಾಗಿ ಜಾಸ್ತಿ ಹಟ ಮಾಡುತ್ತದೆ. ಶ್ಯಾಕಲ್ ಕೂರಿಸಿದ ಮೇಲೇ ಅದಕ್ಕೆ ಕೈ ಹಾಕಿ. ಎರಡೂ ತುದಿ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಸರಿದುಬಿಡುತ್ತದೆ.

ಬಿಗಿಯುವುದು

ಚಕ್ರ ಹಾಕಿ, ಸ್ಟ್ಯಾಂಡ್ ತೆಗೆದು ಗಾಡಿಯನ್ನು ನೆಲಕ್ಕಿಳಿಸಿ. ಡಿಕ್ಕಿ ಹಿಡಿದು ಹಿಂಭಾಗವನ್ನು ಕೆಲವು ಸಲ ಜೋರಾಗಿ ಒತ್ತಿ ಬಿಡಿ. ಸ್ಪ್ರಿಂಗ್ ತನ್ನ ಸಹಜ ಎತ್ತರಕ್ಕೆ ಬರುತ್ತದೆ. ನಟ್ ಪೂರ್ತಿ ಬಿಗಿಯಬೇಕಾದ್ದು ಈಗ.

ಆಕ್ಸಲ್ ನೇತಾಡುವಾಗಲೇ ಬಿಗಿದರೆ ರಬ್ಬರ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ನೆಲಕ್ಕಿಳಿಸಿದ ಕೂಡಲೇ ತಿರುಚಿಕೊಂಡು ನಿಲ್ಲುತ್ತದೆ. ಗಾಡಿ ಸುಮ್ನೆ ನಿಂತಿದ್ದಾಗಲೂ ಅದಕ್ಕೆ ಬಿಡುವಿಲ್ಲ. ಅದರ ಮೇಲೆ ಗುಂಡಿ ಬಂದರೆ ಇನ್ನಷ್ಟು ತಿರುಚಬೇಕು. ಆಗ ಹರಿಯುತ್ತದೆ. ಹೊಸ ಬುಷ್ ಬೇಗ ಹೋಯ್ತು, ಮಾಲೇ ಸರಿ ಇಲ್ಲ ಅಂತ ಬೈಯುವ ಎಷ್ಟೋ ಕಡೆ ನಿಜವಾದ ಕಾರಣ ಇದು.

ಎರಡೂ ನಟ್‌ಗಳನ್ನು ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೊಂದು ಬಿಗಿಯಿರಿ. ಎರಡು ಅರ್ಧಗಳ ಅಂಚು ಕಣ್ಣಿನ ಬದಿಗೆ ಸಮನಾಗಿ ಒತ್ತಿ ಕೂರಬೇಕು, ಪ್ಲೇಟ್‌ಗಳು ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲಬೇಕು.

ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ, ಗಾಡಿ ನೆಲದ ಮೇಲೇ ಇದ್ದಾಗ, ನಟ್‌ಗಳನ್ನು ಮತ್ತೊಮ್ಮೆ ಪಾನಾ ಹಾಕಿ ನೋಡಿ. ಹೊಸ ರಬ್ಬರ್ ಕೂತುಕೊಂಡು ನಟ್ ತುಸು ಸಡಿಲವಾಗಿರಬಹುದು. ಇಷ್ಟಾದ ಮೇಲೂ ‘ಟಕ್’ ಉಳಿದಿದ್ದರೆ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿದಿರುವ ಯು-ಬೋಲ್ಟ್, ಶಾಕ್ ಅಬ್ಸಾರ್ಬರ್ ತುದಿಯ ರಬ್ಬರ್, ಸೈಲೆನ್ಸರ್ ತೂಗುಹಾಕಿರುವ ರಬ್ಬರ್, ಈ ಮೂರನ್ನೂ ಅದೇ ಲಿವರ್‌ನಿಂದ ಮೀಟಿ ನೋಡಿ.